ತುಕ್ಕು ಹಿಡಿಯದ ಕೊಳವೆ ತುಕ್ಕು ತಂದ ಬಗೆ

ಬ್ರಿಟನ್, ಜರ್ಮನಿಗಳಂತಹ ಶೀತದೇಶಗಳಲ್ಲಿ ಚಳಿಗಾಲ ಕಳೆಯಬೇಕಾದರೆ ಇಡೀ ಮನೆಯನ್ನೇ ಬೆಚ್ಚಗಿಡಬೇಕು. ಅದಕ್ಕೆ ಅಲ್ಲಿ ಬಹುಪಾಲು ಬಳಕೆಯಾಗುವುದು ಬಿಸಿನೀರು. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಕೊಳವೆಗಳ ಮೂಲಕ ಕೋಣೆ ಕೋಣೆಗೂ ದೂಡುತ್ತದೆ. ಗೋಡೆಗೆ ಕೂರಿಸಿದ ಉಕ್ಕಿನ ರೇಡಿಯೇಟರ್‌ಗಳು ಶಾಖವನ್ನು ಹೊರಬಿಡುತ್ತವೆ. ತಣಿದ ನೀರು ಮತ್ತೆ ಬಾಯ್ಲರಿಗೆ. ನಮ್ಮ ಬಚ್ಚಲ ಹಂಡೆಯ ನೀರು ಮಿಂದರೆ ಮುಗಿಯಿತು. ಅಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಗುಟ್ಟು ಇರುವುದೇ ಇಲ್ಲಿ.

ಈ ಕೆಲಸಕ್ಕೆ ತಾಮ್ರದ ಕೊಳವೆ ಒಳ್ಳೆಯದೇ, ಆದರೆ ದುಬಾರಿ. ತಿರುವು ಬಂದಲ್ಲೆಲ್ಲ ಬೆಂಕಿ ಹಿಡಿದು ಬೆಸೆಯಬೇಕು; ಮರದ ತೊಲೆಗಳ ನಡುವೆ ಅದು ಅಪಾಯದ ಕೆಲಸ. ಪ್ಲಾಸ್ಟಿಕ್ ಬಳಸೋಣವೆಂದರೆ ಸಾಮಾನ್ಯ ಪಾಲಿಥೀನ್ ಬಿಸಿಗೆ ಮೆತ್ತಗಾಗುತ್ತದೆ. 1968ರಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ಪಾಲಿಥೀನಿನ ಉದ್ದುದ್ದ ಅಣುಸರಪಳಿಗಳಿಗೆ ಅಡ್ಡಕೊಂಡಿ ಹಾಕುವ ವಿಧಾನವೊಂದನ್ನು ಕಂಡುಹಿಡಿದರು. ಬಿಡಿ ಎಳೆಗಳು ಬಲೆಯಾದಂತಾಯಿತು. ‘ಪೆಕ್ಸ್’ ಎಂಬ ಈ ಪ್ಲಾಸ್ಟಿಕ್ ಬಿಸಿನೀರನ್ನು ತಡೆದುಕೊಂಡಿತು, ಬಾಗಿದತ್ತ ಬಾಗಿತು, ತುಕ್ಕಿನ ಮಾತೇ ಇಲ್ಲ!

ಜರ್ಮನಿಯಲ್ಲಿ ಮನೆಗಳ ನೆಲದಡಿ ಇಂತಹ ಪ್ಲಾಸ್ಟಿಕ್ ಕೊಳವೆಗಳನ್ನು ಸುರುಳಿ ಸುರುಳಿಯಾಗಿ ಹೂತರು. ಕೆಲವು ವರ್ಷಗಳಲ್ಲೇ ತಕರಾರು ಶುರುವಾಯಿತು. ಕೊಳವೆಗಳಿಗೆ ಏನೂ ಆಗಿರಲಿಲ್ಲ. ಆದರೆ ಅವುಗಳಿಗೆ ಜೋಡಿಸಿದ್ದ ಕಬ್ಬಿಣದ ಭಾಗಗಳು ತುಕ್ಕು ಹಿಡಿದು, ಕೆಸರು ಕಟ್ಟಿ, ನೀರಿನ ದಾರಿಯೇ ಮುಚ್ಚಿಹೋಗತೊಡಗಿತ್ತು.

ಕಾರಣ ಆಮ್ಲಜನಕ. ಲೋಹದ ಕೊಳವೆಗಳಿದ್ದಾಗ ಒಳಗಿನ ನೀರಿನಲ್ಲಿದ್ದ ಅಲ್ಪ ಆಮ್ಲಜನಕ ಆರಂಭದಲ್ಲೇ ಕಬ್ಬಿಣದೊಡನೆ ಸೇರಿ ಮುಗಿದುಹೋಗುತ್ತಿತ್ತು. ಆಮೇಲೆ ತುಕ್ಕಿಗೆ ಆಹಾರವಿಲ್ಲ. ಪ್ಲಾಸ್ಟಿಕ್ಕಿನ ಗೋಡೆಯೋ ನೀರು ಸೋರಗೊಡುವುದಿಲ್ಲ, ಆದರೆ ಆಮ್ಲಜನಕದ ಅಣುಗಳನ್ನು ನುಸುಳಗೊಡುತ್ತದೆ.

ಜಾಣ ವಿದ್ಯಾರ್ಥಿ ಇಲ್ಲಿ ಕೇಳಿಯಾನು: ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಲ್ಲವೇ, ಗಾಳಿ ಒಳಬರುವುದಾದರೂ ಹೇಗೆ? ಡಾಲ್ಟನ್ನನ ನಿಯಮ ನೆನಪಿಸಿಕೊಳ್ಳಿ. ಮಿಶ್ರಣದ ಪ್ರತಿ ಅನಿಲಕ್ಕೂ ತನ್ನದೇ ಪಾಲಿನ ಒತ್ತಡವುಂಟು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21, ಒಳಗಿನ ನೀರಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ನೀರಿನ ಒತ್ತಡ ಎಷ್ಟೇ ಇರಲಿ, ಆಮ್ಲಜನಕ ತಾನು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೇ ಹರಿಯುತ್ತದೆ. ಬಂದದ್ದನ್ನೆಲ್ಲ ಕಬ್ಬಿಣ ಕಬಳಿಸುವುದರಿಂದ ಒಳಗೆ ಸದಾ ಕೊರತೆ, ಹೊರಗಿನಿಂದ ಸದಾ ಪೂರೈಕೆ!

ಪರಿಹಾರ ಸಿಕ್ಕಿತು. ಆಹಾರದ ಪೊಟ್ಟಣಗಳಲ್ಲಿ ಗಾಳಿ ತಡೆಯಲು ಬಳಸುವ ಇ.ವಿ.ಓ.ಎಚ್. ಎಂಬ ಪ್ಲಾಸ್ಟಿಕ್ಕಿನ ತೆಳುಪದರವನ್ನು ಕೊಳವೆಗೂ ಹೊದಿಸಿದರು. 40 ಡಿಗ್ರಿ ಸೆಲ್ಷಿಯಸ್‌ನಲ್ಲಿ, ಒಂದು ಘನಮೀಟರ್ ನೀರಿಗೆ ದಿನಕ್ಕೆ 0.1 ಗ್ರಾಂಗಿಂತ ಹೆಚ್ಚು ಆಮ್ಲಜನಕ ನುಸುಳಬಾರದೆಂದು ಜರ್ಮನಿಯ ಡಿಐಎನ್ 4726 ಮಾನಕ ಮಿತಿ ಹಾಕಿತು.

ಹಿಗ್ಗುವ ಗುಣ ಇನ್ನೊಂದು ತೊಡಕು. ಉಷ್ಣತೆ 50 ಡಿಗ್ರಿ ಏರಿದರೆ 10 ಮೀಟರ್ ತಾಮ್ರ ಸುಮಾರು 8 ಮಿಲಿಮೀಟರ್ ಹಿಗ್ಗಿದರೆ, ಪೆಕ್ಸ್ ಏಳೆಂಟು ಸೆಂಟಿಮೀಟರ್! ಅಲ್ಲಲ್ಲಿ ಹಿಡಿಕೆ ಹಾಕದಿದ್ದರೆ ಜೋತುಬೀಳುತ್ತದೆ. ಬಾಯ್ಲರಿಗೆ ತಾಗಿದ ಮೊದಲ ಮೀಟರಿನಷ್ಟು ಭಾಗಕ್ಕೆ ಬ್ರಿಟನ್ನಿನಲ್ಲಿ ಇಂದಿಗೂ ತಾಮ್ರವನ್ನೇ ಹಾಕುವುದು ರೂಢಿ.

ಪದರವಿಲ್ಲದ ಕೊಳವೆ ಈಗಲೂ ಮಾರಾಟವಾಗುತ್ತದೆ. ನಲ್ಲಿ ನೀರಿಗೆ ಅದೇ ಸಾಕು. ನೋಡಲು ಎರಡೂ ಒಂದೇ ತರಹ ಇರಬಹುದಾದ್ದರಿಂದ ಮೈಮೇಲಿನ ಅಚ್ಚನ್ನು ಓದಿಯೇ ಕೊಳ್ಳಬೇಕು. ಅಗ್ಗವೆಂದು ಅದನ್ನೇ ಹಾಕಿಸಿದ ಮನೆಯಲ್ಲಿ ರೇಡಿಯೇಟರಿನ ಮೇಲ್ಭಾಗ ಬಿಸಿಯಾಗಿದ್ದರೂ ಬುಡ ತಣ್ಣಗೆ ಕೂತಿದ್ದರೆ, ಅಡಿಯಲ್ಲಿ ಕಪ್ಪು ಕೆಸರು ಸೇರಿದೆಯೆಂದೇ ಅನುಮಾನಿಸಬೇಕು. ಈ ಕೆಸರು ಬಹುಮಟ್ಟಿಗೆ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್. ಅದಕ್ಕೇ ಅಲ್ಲಿನ ಪ್ಲಂಬರ್‌ಗಳು ಬಾಯ್ಲರಿಗೆ ಮರಳುವ ಕೊಳವೆಗೆ ಅಯಸ್ಕಾಂತದ ಸೋಸುಕವೊಂದನ್ನು ಕೂರಿಸುತ್ತಾರೆ.