ಚಿತ್ರದ ಮಕ್ಕಳು ಓಡುವುದೇ ಇಲ್ಲವಲ್ಲ!

ಮೈಸೂರು: ಶಾಲೆಯ ಚಿತ್ರಸ್ಪರ್ಧೆಗೆ ‘ಮಕ್ಕಳ ಆಟ’ ಎಂದು ವಿಷಯ ಕೊಟ್ಟು ನೋಡಿ. ಹಾಳೆ ತುಂಬ ಮಕ್ಕಳೇನೋ ಇರುತ್ತಾರೆ. ಆಟ ಎಲ್ಲಿ ಸ್ವಾಮಿ? ಡ್ರಿಲ್ ಮೇಷ್ಟ್ರು ಸೀಟಿ ಊದಿದಂತೆ ಎಲ್ಲರೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಿರುತ್ತಾರೆ!

ಮಕ್ಕಳನ್ನು ದೂರಿ ಫಲವಿಲ್ಲ. ಬಹುಮಾನ ಹೋಗುವುದು ಅಚ್ಚುಕಟ್ಟಿಗೆ. ಓಡುವ ಕಾಲು ಬರೆಯಲು ಹೊರಟವನಿಗೆ ಸಿಗುವುದು, ‘ಏನೋ ಇದು, ಗೀಚಿಟ್ಟಿದೀಯ?’ ಎಂಬ ಗದರಿಕೆ.

ಇದೇ ಊರಿನ ಆರ್.ಕೆ. ಲಕ್ಷ್ಮಣ್ (1921–2015) ಹುಡುಗನಾಗಿದ್ದಾಗ ಗೋಡೆ, ಬಾಗಿಲು, ನೆಲ ಒಂದನ್ನೂ ಬಿಡದೆ ಗೀಚಿದವರೇ. ಕಿಟಕಿಯಾಚೆ ಸೌದೆ ಸೀಳುವ ಆಳು, ಎದುರು ಮನೆ ಸೂರಿನ ಕಾಗೆಗಳ ಬಗೆಬಗೆಯ ಭಂಗಿ, ಎಲ್ಲವೂ ಹಾಳೆಗೆ ಇಳಿಯುತ್ತಿದ್ದವು. ಮುಂಬಯಿಯ ಜೆ.ಜೆ. ಕಲಾಶಾಲೆ ಈ ಕೈಗೆ ಪ್ರವೇಶ ನಿರಾಕರಿಸಿತು! ಮಹಾರಾಜ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್.ಕೆ. ನಾರಾಯಣ್ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು. 1980ರ ದಶಕದಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೂ ಅವರದೇ ರೇಖೆ. ಕಣ್ಣಾರೆ ಕಂಡು ಬರೆಯುವ ಚಾಳಿಯೇ ಅವರ ಮೊದಲ ಗುರು.

ಅದೇ ಚಾಳಿಯಿಂದ ಲಗೋರಿ ಆಟ ನೋಡಿ. ಚೆಂಡು ಬಿಲ್ಲೆಗೆ ತಗುಲಿದ ಮೇಲೆ ಬರೆದರೆ ಅದು ಮುಗಿದ ಕಥೆ. ಬೇಕಾದ್ದು ಅದರ ಹಿಂದಿನ ಗಳಿಗೆ. ಎಸೆಯುವವನ ಕೈ ಹಿಂದೆ ಹೋಗಿದೆ, ಮೈಭಾರವೆಲ್ಲ ಹಿಂಗಾಲಿಗೆ ಬಿದ್ದಿದೆ, ಕಣ್ಣು ಬಿಲ್ಲೆ ಮೇಲಿದೆ. ಆಚೆ ಕಾಯುವ ಹುಡುಗಿ ಮಂಡಿ ಬಗ್ಗಿಸಿ, ಕತ್ತು ಚಾಚಿ, ಬಾಯಿ ಅರ್ಧ ತೆರೆದಿದ್ದಾಳೆ. ಚೆಂಡನ್ನು ಬರೆಯದೆ ಬಿಟ್ಟರೂ ಅದು ಹೋಗುವ ದಾರಿ ನೋಡುವವನಿಗೆ ಗೊತ್ತಾಗುತ್ತದೆ!

ಮೂಗು, ಅಂಗಿಯ ಗುಂಡಿ ಬರೆಯುತ್ತ ಕೂತರೆ ಅಷ್ಟರಲ್ಲಿ ಹುಡುಗ ಪರಾರಿ. ತಲೆಯಿಂದ ಹಿಮ್ಮಡಿಯವರೆಗೆ ಬಾಗಿದ ಒಂದೇ ಗೆರೆ ಮೊದಲು ಬೀಳಬೇಕು. ಅರ್ಧ ನಿಮಿಷ ಸಾಕು. ದೊಡ್ಡವರ ಎತ್ತರ ಅವರ ತಲೆಯ ಸುಮಾರು 7½ ಪಟ್ಟು; ಐದಾರು ವರ್ಷದ ಮಗುವಿನದು 5½ರ ಆಸುಪಾಸು. ಇದು ತಪ್ಪಿದರೆ ಮಗು ಹೋಗಿ ಕುಳ್ಳ ಯಜಮಾನ ಆಗುತ್ತಾನೆ!

ಕರಿಹಲಗೆಯ ಮಾವಿನಹಣ್ಣು ನಕಲು ಮಾಡಿಸುವುದು, ಇಲ್ಲವೆ ಡ್ರಾಯಿಂಗ್ ಪೀರಿಯಡ್ಡನ್ನೇ ಲೆಕ್ಕದ ಮೇಷ್ಟ್ರಿಗೆ ದಾನ ಮಾಡುವುದು ಇನ್ನು ಸಾಕು. ವಾರಕ್ಕೊಮ್ಮೆ ಮಕ್ಕಳನ್ನು ಹಾಳೆ, ಪೆನ್ಸಿಲ್ ಸಮೇತ ಮೈದಾನದ ಅಂಚಿಗೆ ಕೂರಿಸಲಿ. ಖರ್ಚಿಲ್ಲ. ರಬ್ಬರು ಮಾತ್ರ ಮೇಷ್ಟ್ರ ಜೇಬಿನಲ್ಲೇ ಇರಲಿ. ಮುಖ್ಯೋಪಾಧ್ಯಾಯರು ಮನಸ್ಸು ಮಾಡುವರೆ?