ಸಣ್ಣ ವಿಮಾನವನ್ನು ಮೊದಲ ಬಾರಿಗೆ ತೊಳೆಯುವ ಮುನ್ನ

ಕಾರು ತೊಳೆದು ಪಾಲಿಶ್ ಮಾಡುವ ಉದ್ಯಮವನ್ನು ನಡೆಸುತ್ತಿರುವ ನಮ್ಮ ಸದಸ್ಯರಿಗೆ ಎಂದಾದರೊಂದು ದಿನ ವೈಮಾನಿಕ ತರಬೇತಿ ಶಾಲೆಯಿಂದಲೋ ಖಾಸಗಿ ವಿಮಾನದ ಒಡೆಯರಿಂದಲೋ ಕರೆ ಬರಬಹುದು. ಬೆಂಗಳೂರಿನ ಜಕ್ಕೂರಿನಂತಹ ವಿಮಾನಾಂಗಣದಲ್ಲಿ ತರಬೇತಿಗೆ ಬಳಸುವ ಸೆಸ್ನಾ 172 ನಾಲ್ಕೇ ಆಸನಗಳ ವಿಮಾನ. ಒಂದು ತುದಿಯಿಂದ ಇನ್ನೊಂದು ತುದಿಗೆ ಅದರ ರೆಕ್ಕೆಯ ಅಳತೆ ಸುಮಾರು 11 ಮೀಟರ್. ನೋಡುವವರಿಗೆ ಅದು ರೆಕ್ಕೆ ಮೂಡಿದ ಕಾರಿನಂತೆಯೇ ತೋರುತ್ತದೆ. ಆ ಹೋಲಿಕೆಯನ್ನು ನಂಬಿ ಕೆಲಸ ಒಪ್ಪಿಕೊಳ್ಳುವುದು ಮಾತ್ರ ಅಪಾಯಕರ.

ಅಪಾಯ ಎಷ್ಟರಮಟ್ಟಿನದು ಎಂಬುದನ್ನು ಎರಡು ದೊಡ್ಡ ವಿಮಾನಗಳ ಉದಾಹರಣೆಯಿಂದ ತಿಳಿಯಬಹುದು. 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ಏರೋಪೆರು ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 70 ಮಂದಿಯೂ ಮೃತಪಟ್ಟರು. ವಿಮಾನವನ್ನು ಶುಚಿಗೊಳಿಸುವಾಗ ವಾಯುಒತ್ತಡ ಅಳೆಯುವ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯಲು ಮರೆತಿದ್ದರು. ಕತ್ತಲೆಯಲ್ಲಿ ಹಾರುತ್ತಿದ್ದ ವಿಮಾನಚಾಲಕರಿಗೆ ಎತ್ತರವೂ ವೇಗವೂ ತಪ್ಪಾಗಿ ಕಾಣಿಸಿದವು. 2008ರ ನವೆಂಬರ್ 27ರಂದು ಫ್ರಾನ್ಸಿನ ಪೆರ್ಪಿನ್ಯಾನ್ ಬಳಿ ಪರೀಕ್ಷಾ ಹಾರಾಟದಲ್ಲಿದ್ದ ಏರ್‌ಬಸ್ 320 ಅಪಘಾತಕ್ಕೀಡಾಗಿ 7 ಮಂದಿ ಮಡಿದರು. ಮೂರು ದಿನಗಳ ಹಿಂದೆ, ರಕ್ಷಣೆಯ ಹೊದಿಕೆ ಹಾಕದೆ ವಿಮಾನಕ್ಕೆ ನೀರು ಹಾಯಿಸಿದ್ದರಿಂದ ಸಂವೇದಕಗಳೊಳಗೆ ನೀರು ಸೇರಿ, ಮೇಲೆ ಹೋದಾಗ ಹೆಪ್ಪುಗಟ್ಟಿದ್ದು ಅಪಘಾತದ ಕಾರಣಗಳಲ್ಲೊಂದು. ಒಂದೆಡೆ ಮುಚ್ಚಿದ್ದನ್ನು ತೆರೆಯಲಿಲ್ಲ, ಇನ್ನೊಂದೆಡೆ ಮುಚ್ಚಲೇ ಇಲ್ಲ.

ಸೆಸ್ನಾ 172ರಲ್ಲಿ ವೇಗ ಅಳೆಯುವ ಪಿಟೊ ನಳಿಕೆ ಎಡ ರೆಕ್ಕೆಯ ಕೆಳಗಿದೆ. ಒತ್ತಡದ ಸಣ್ಣ ರಂಧ್ರ ಮುಂಭಾಗದ ಎಡಮಗ್ಗುಲಲ್ಲಿದೆ. ವೇಗ ಅತಿಯಾಗಿ ತಗ್ಗಿದಾಗ ಎಚ್ಚರಿಸುವ ಸಾಧನದ ಬಾಯಿ ಎಡ ರೆಕ್ಕೆಯ ಮುಂಅಂಚಿನಲ್ಲಿದ್ದರೆ, ಇಂಧನ ಟ್ಯಾಂಕಿಗೆ ಗಾಳಿ ಒದಗಿಸುವ ಕೊಳವೆ ಅದೇ ರೆಕ್ಕೆಯ ಆಸರೆಕಂಬದ ಬಳಿ ಇದೆ. ಕೊಳವೆ ಮುಚ್ಚಿಹೋದರೆ ಇಂಧನ ಹರಿಯದೆ ಎಂಜಿನ್ ನಿಲ್ಲಬಹುದು. ನೀರು ಮುಟ್ಟುವ ಮೊದಲೇ ವಿಮಾನದ ಪರವಾನಗಿ ಪಡೆದ ಎಂಜಿನಿಯರರೊಡನೆ ಸುತ್ತು ಹಾಕಿ ಇವನ್ನೆಲ್ಲ ತೋರಿಸಿಕೊಳ್ಳತಕ್ಕದ್ದು. ಮುಚ್ಚಲು ಕೆಂಪು ಪಟ್ಟಿ ಜೋತಾಡುವ ಹೊದಿಕೆಗಳನ್ನೇ ಬಳಸಬೇಕು. ವಿಮಾನದ ಬಣ್ಣದಲ್ಲಿ ಬೆರೆತುಹೋಗುವ ಟೇಪು ಕೂಡದು. ಹಾಕಿದ ಹೊದಿಕೆಗಳ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಹೊಸಬರು ಅತಿ ಹೆಚ್ಚು ನಷ್ಟ ಉಂಟುಮಾಡುವುದು ಕಿಟಕಿಗಳಲ್ಲಿ. ಅವು ಗಾಜಲ್ಲ, ಅಕ್ರಿಲಿಕ್. ಅಮೋನಿಯಾ ಇರುವ ಗಾಜಿನ ದ್ರಾವಣ, ಪೆಟ್ರೋಲ್, ಥಿನ್ನರ್, ಅಸಿಟೋನ್ ತಗುಲಿದರೆ ಒಳಗೆ ಸೂಕ್ಷ್ಮ ಬಿರುಕುಗಳ ಜಾಲ ಮೂಡುತ್ತದೆ. ಎದುರು ಬಿಸಿಲಿಗೆ ಹಾರುವ ಚಾಲಕನಿಗೆ ಆಗ ಮುಂದಿನ ರನ್‌ವೇಯೇ ಮಸುಕಾಗುತ್ತದೆ. ಮೊದಲು ಧಾರಾಳವಾಗಿ ನೀರು ಹರಿಸಿ, ಉಂಗುರ, ಗಡಿಯಾರ ಕಳಚಿ, ಬರಿಗೈಯಿಂದಲೇ ಮೆಲ್ಲಗೆ ಸವರಬೇಕು. ಮರಳಿನ ಕಣ ಉಳಿದಿದ್ದರೆ ಬಟ್ಟೆಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಅನಂತರ ಸೌಮ್ಯ ಸಾಬೂನು ನೀರು, ಮೆತ್ತನೆಯ ಹತ್ತಿಬಟ್ಟೆ. ಒರೆಸುವುದು ಮೇಲಿಂದ ಕೆಳಕ್ಕೆ ನೇರವಾಗಿ. ವೃತ್ತಾಕಾರವಾಗಿ ಉಜ್ಜಿದರೆ ಬೀಳುವ ಗೀರುಗಳು ಬಿಸಿಲಿನಲ್ಲಿ ಹೊಳೆಯುತ್ತವೆ. ಕಾಗದದ ಟವೆಲ್ ಬೇಡ.

ಮೈಯನ್ನು ನೆರಳಿನಲ್ಲಿ, ಲೋಹ ತಣ್ಣಗಿರುವಾಗ ತೊಳೆಯಬೇಕು. ಪ್ರೆಷರ್ ವಾಷರ್ ಬಳಸುವವರಿಗೆ ಅದು ಕೆಲಸ ಬೇಗ ಮುಗಿಸುವ ಉಪಾಯವೆನಿಸಬಹುದು. ಆದರೆ ಅದರ ರಭಸಕ್ಕೆ ಚಕ್ರದ ಬೇರಿಂಗಿನ ಗ್ರೀಸ್ ಹೋಗಿ, ನೀರು ತೂರಬಾರದ ಸಂದುಗಳಿಗೆ ತೂರುತ್ತದೆ. ಹೊಟ್ಟೆಯ ಭಾಗದಲ್ಲಿ ಎಂಜಿನ್ನಿನ ಎಣ್ಣೆ, ಹೊಗೆಯ ಮಸಿ ಸೇರಿ ಗಟ್ಟಿಯಾಗಿರುತ್ತವೆ. ನಿಜವಾದ ದುಡಿಮೆ ಅಲ್ಲಿಯೇ, ಅದೂ ಬೆನ್ನ ಮೇಲೆ ಮಲಗಿಕೊಂಡು. ಅದಕ್ಕೆ ತಯಾರಕರ ಕೈಪಿಡಿ ಸೂಚಿಸಿದ ದ್ರಾವಕವನ್ನಷ್ಟೇ ಬಳಸಬೇಕು. ಬ್ರೇಕ್ ತಟ್ಟೆಗಳಿಗೆ ವ್ಯಾಕ್ಸ್ ಅಥವಾ ಸಿಲಿಕೋನ್ ಸೋಕಬಾರದು. ರೆಕ್ಕೆಯ ಅಡಿಯಲ್ಲಿರುವ ನೀರು ಬಸಿಯುವ ತೂತುಗಳಲ್ಲಿ ಮೇಣ ತುಂಬಿಕೊಂಡರೆ ಒಳಗೆ ತುಕ್ಕು ಆರಂಭವಾಗುತ್ತದೆ.

ಪ್ರೊಪೆಲ್ಲರಿನ ವಿಷಯದಲ್ಲಿ ಒಂದು ಮಾತು. ಕೀಲಿ ತೆಗೆದಿದ್ದರೂ, ಮ್ಯಾಗ್ನೆಟೊದ ಭೂಸಂಪರ್ಕದ ತಂತಿ ತುಂಡಾಗಿದ್ದರೆ, ಕೈಯಿಂದ ತಿರುಗಿಸಿದಾಗ ಎಂಜಿನ್ ಒಮ್ಮೆ ಹೊತ್ತಿಕೊಂಡುಬಿಡಬಹುದು. ಅಲಗನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ತಿರುಗಿಸಕೂಡದು. ಸಹಾಯಕ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳತಕ್ಕದ್ದು.

ಪಾಲಿಶ್ ಎಂದರೆ ಇನ್ನೂ ಜಾಗರೂಕತೆ. ಬಣ್ಣ ಬಳಿಯದ ಅಲ್ಯೂಮಿನಿಯಂ ತಗಡಿನ ಮೇಲೆ ತುಕ್ಕು ತಡೆಯಲು ಶುದ್ಧ ಅಲ್ಯೂಮಿನಿಯಂನ ತೆಳುಪದರ ಇರುತ್ತದೆ. ಒರಟು ಪಾಲಿಶ್ ಅದನ್ನೇ ಕೆರೆದುಹಾಕುತ್ತದೆ. ಎಚ್.ಎ.ಎಲ್. ನಿರ್ಮಿಸಿದ್ದ ಪುಷ್ಪಕ್‌ನಂತಹ ಬಟ್ಟೆಹೊದಿಕೆಯ ಹಳೆಯ ವಿಮಾನ ಸಿಕ್ಕಿದರೆ, ಯಂತ್ರವನ್ನು ಮೂಟೆಯಿಂದ ಹೊರತೆಗೆಯದಿರುವುದೇ ಲೇಸು.

ದ್ರಾವಣ ತಯಾರಿಸುವ ಘಟಕಗಳ ಗಮನಕ್ಕೆ: ಡಬ್ಬಿಯ ಮೇಲೆ ‘ಸೌಮ್ಯ’ ಎಂದು ಮುದ್ರಿಸಿದರೆ ಸಾಲದು. ಅಕ್ರಿಲಿಕ್ ಬಿರುಕಿಗೆ ಎ.ಎಸ್.ಟಿ.ಎಂ. ಎಫ್ 484, ಲೋಹದ ಪದರಗಳ ನಡುವಿನ ತುಕ್ಕಿಗೆ ಎಫ್ 1110, ಉಕ್ಕು ಪೆಡಸಾಗುವಿಕೆಗೆ ಎಫ್ 519 ಎಂಬ ಪರೀಕ್ಷೆಗಳಿವೆ. ಇವುಗಳ ವರದಿ ಕೈಯಲ್ಲಿಲ್ಲದೆ ಹ್ಯಾಂಗರಿನ ಬಾಗಿಲು ತಟ್ಟುವುದು ವ್ಯರ್ಥ.

ಕರಾರಿನಲ್ಲಿ, ಕೆಲಸಕ್ಕೆ ಮುಂಚೆ ಇದ್ದ ಗೀರುಗಳ ಛಾಯಾಚಿತ್ರ, ಬಳಸುವ ದ್ರಾವಣಗಳ ಹೆಸರು, ವಿಮೆಯ ವಿವರ ಇರಲಿ. ಕೊನೆಗೆ ಹೊದಿಕೆಗಳನ್ನು ತೆಗೆದು, ಬರೆದಿಟ್ಟ ಸಂಖ್ಯೆಯೊಡನೆ ಎಣಿಸಿ, ಎಂಜಿನಿಯರರು ಪ್ರತಿಯೊಂದು ರಂಧ್ರವನ್ನೂ ನೋಡಿ ಅದೇ ಕಾಗದಕ್ಕೆ ಸಹಿ ಹಾಕಿದ ಮೇಲಷ್ಟೇ ಬಿಲ್ಲು ಕೊಡಬೇಕು.