ಬಣ್ಣ ಕಟ್ಟಿದ್ದೋ, ಬಣ್ಣದಲ್ಲಿ ಬರೆದದ್ದೋ?: ನೀಹಾರಿಕೆಯ ಚಿತ್ರಗಳ ಓದು

ಬಾಹ್ಯಾಕಾಶ ದೂರದರ್ಶಕಗಳಿಂದ ಬರುವ ನೀಹಾರಿಕೆ, ಗೆಲಾಕ್ಸಿಗಳ ಚಿತ್ರಗಳನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಹೇಗೆ ಓದಬೇಕು ಅನ್ನೋದು ಇವತ್ತಿನ ನನ್ನ ವಿಷಯ.

ಕನ್ನಡದಲ್ಲಿ ‘ಬಣ್ಣ ಕಟ್ಟಿ ಹೇಳೋದು’ ಅಂದರೆ ಇಲ್ಲದ್ದನ್ನು ಸೇರಿಸಿ ಹೇಳೋದು. ಈ ಚಿತ್ರಗಳ ಮೇಲೂ ಅದೇ ಅನುಮಾನ ಇದೆ. ಸಣ್ಣ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಒರಾಯನ್ ನೀಹಾರಿಕೆ ಬೂದು ಮಬ್ಬಿನ ಹಾಗೆ ಕಾಣುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಹಾಗಾದರೆ ಪತ್ರಿಕೆಯಲ್ಲಿ ಬರೋ ಕೆಂಪು, ನೀಲಿ ಎಲ್ಲಿಂದ ಬಂತು?

ನಮ್ಮದೇ ಉದಾಹರಣೆ ನೋಡೋಣ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಐಟಿ ಎಂಬ ಜೋಡಿ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಹೊಸಕೋಟೆಯ ಪ್ರಯೋಗಾಲಯದಲ್ಲಿ ಇದರ ಜೋಡಣೆ ನಡೆಯಿತು. ಇದು ಮುಖ್ಯವಾಗಿ ಹಿಡಿಯುವುದು ನೇರಳಾತೀತ ಬೆಳಕನ್ನು. ಆ ಬೆಳಕಿನ ಬಹುಪಾಲನ್ನು ವಾತಾವರಣ ತಡೆಯುತ್ತದೆ, ಬಂದದ್ದೂ ಕಣ್ಣಿಗೆ ಕಾಣದು. ದೂರದರ್ಶಕ ಕೊಡುವುದು ಬರೀ ಲೆಕ್ಕ: ಯಾವ ಶೋಧಕದ ಮೂಲಕ, ಎಲ್ಲಿ, ಎಷ್ಟು ಫೋಟಾನುಗಳು ಬಿದ್ದವು ಅಂತ. ಅದನ್ನು ಚಿತ್ರ ಮಾಡುವಾಗ ಒಂದೊಂದು ಶೋಧಕಕ್ಕೆ ಒಂದೊಂದು ಬಣ್ಣ ಕೊಡುತ್ತಾರೆ. ಸಾಮಾನ್ಯವಾಗಿ ಉದ್ದ ತರಂಗಕ್ಕೆ ಕೆಂಪು, ಗಿಡ್ಡ ತರಂಗಕ್ಕೆ ನೀಲಿ.

ಇದು ಬಣ್ಣ ಕಟ್ಟುವ ಕೆಲಸವಲ್ಲ, ಲಿಪಿಯ ಕೆಲಸ ಎಂಬುದು ನನ್ನ ವಾದ. ಗೋವಾದಲ್ಲಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಇಲ್ಲಿ ಕೊಂಕಣಿಯನ್ನು ನಾಗರಿಯಲ್ಲೂ ರೋಮನ್‌ನಲ್ಲೂ ಬರೆಯುತ್ತಾರೆ, ಗಡಿ ದಾಟಿದರೆ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಅಕ್ಷರದ ಆಕಾರ ನಾವು ಒಪ್ಪಿಕೊಂಡದ್ದು. ಹಾಗಂತ ಅದು ಹೇಳುವ ಮಾತು ಸುಳ್ಳಾಗುತ್ತದೆಯೇ?

ಚಿಟ್ಟೆ ನೀಹಾರಿಕೆ ಎಂದು ಕರೆಯುವ ಎನ್‌ಜಿಸಿ 6302ರ ವಿಷಯ ತಗೊಳ್ಳಿ. ಯುವಿಐಟಿಯ ಚಿತ್ರದಲ್ಲಿ ಅದರ ಹರವು ಕಣ್ಣಿಗೆ ಕಾಣುವ ಬೆಳಕಿನ ಚಿತ್ರಗಳಲ್ಲಿದ್ದುದಕ್ಕಿಂತ ಸುಮಾರು 3 ಪಟ್ಟು ದೊಡ್ಡದೆಂದು ಗೊತ್ತಾಯಿತು. ಆ ಹೊರಭಾಗ ತಣ್ಣನೆಯ ಹೈಡ್ರೋಜನ್ ಅಣುಗಳದ್ದು ಎಂಬುದು ವಿಜ್ಞಾನಿಗಳ ವಿವರಣೆ. ಅಲ್ಲಿ ಹಚ್ಚಿದ ಬಣ್ಣ ನಮ್ಮದು, ಆ ಹರವು ಆಕಾಶದ್ದು.

ಆದರೆ ಒಂದು ಷರತ್ತು. ಲಿಪಿ ಗೊತ್ತಿಲ್ಲದವನಿಗೆ ಬರಹ ಬರೀ ಚಿತ್ತಾರ. ಯಾವ ಬಣ್ಣ ಯಾವ ತರಂಗಕ್ಕೆ ಅಂತ ತಿಳಿಸುವ ಅಡಿಬರಹ ಕಳಚಿಬಿಟ್ಟರೆ, ಪ್ರಾಮಾಣಿಕ ಚಿತ್ರವೂ ಬಣ್ಣ ಕಟ್ಟಿದ ಮಾತಾಗುತ್ತದೆ. ಹಾಗಾಗಿ ಇವನ್ನು ಕನ್ನಡಕ್ಕೆ ತರುವಾಗ ಚಿತ್ರದ ಜೊತೆ ಆ ಎರಡು ಸಾಲನ್ನೂ ತರಬೇಕು. ಆ ಕೆಲಸ ಭಾಷೆಯವರದ್ದು, ಅಂದರೆ ನಮ್ಮದು. ಇಲ್ಲಿಗೆ ಮುಗಿಸುತ್ತೇನೆ, ಪ್ರಶ್ನೆಗಳಿದ್ದರೆ ಕೇಳಿ.